ಪುಟಿದ ವಿಮಾನವನ್ನು ಒತ್ತಿ ಇಳಿಸಬೇಡಿ

ಮಾನ್ಯರೇ,

ಹವ್ಯಾಸಿಗಳು ತಾವೇ ಕಟ್ಟಿದ ಪುಟ್ಟ ವಿಮಾನ ಇಳಿಯುವಾಗ ಮಗುಚಿದರೆ ‘ಮುಂಚಕ್ರ ಮುರಿದು ಅಪಘಾತ’ ಎಂದು ಸುದ್ದಿಯಾಗುತ್ತದೆ. ಆದರೆ ಎಷ್ಟೋ ಸಲ ಚಕ್ರ ಮುರಿಯುವುದು ಕೊನೆಯ ಘಟ್ಟ. ಎಡವಟ್ಟು ಶುರುವಾಗುವುದು ವೇಗದಲ್ಲಿ.

ಈ ವಿಮಾನಗಳು ಹಗುರ. ಗಾಳಿಯ ತಡೆ ಹೆಚ್ಚಿರುವ ಮಾದರಿಗಳಲ್ಲಂತೂ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ) ಹಿಂದಕ್ಕೆ ಎಳೆದ ಕೂಡಲೇ ವೇಗ ಕುಸಿಯುತ್ತದೆ. ನೆಲ ಇನ್ನೂ ಒಂದು ಮೀಟರ್ ಕೆಳಗಿರುವಾಗ ಸ್ಟಾಲ್ ಆಗಿ, ಅಂದರೆ ವೇಗ ಸಾಲದೆ ರೆಕ್ಕೆ ವಿಮಾನವನ್ನು ಹೊರಲಾರದೆ, ಎತ್ತುವ ಬಲ ಪೂರ್ತಿ ಹೋಯಿತೆನ್ನಿ, ನೆಲಕ್ಕೆ ಬಡಿಯುವ ವೇಗ ಸೆಕೆಂಡಿಗೆ 4.4 ಮೀಟರ್. ಪ್ರಮಾಣೀಕೃತ ಸಣ್ಣ ವಿಮಾನಗಳ ಲ್ಯಾಂಡಿಂಗ್ ಗೇರನ್ನೇ (ಚಕ್ರ ಮತ್ತು ಅದರ ಕಾಲುಗಳನ್ನೇ) ಸೆಕೆಂಡಿಗೆ ಸುಮಾರು 2.1ರಿಂದ 3 ಮೀಟರಿನ ಲೆಕ್ಕದಲ್ಲಿ ಮಾಡಿರುತ್ತಾರೆ. ಬೀಳುವ ವೇಗ ಎರಡು ಪಟ್ಟಾದರೆ ಗೇರ್ ತಾಳಬೇಕಾದ ಶಕ್ತಿ ನಾಲ್ಕು ಪಟ್ಟು.

ಇಳಿಯಲು ಬರುವಾಗ ಸ್ಟಾಲ್ ವೇಗದ 1.3 ಪಟ್ಟು ಇರಬೇಕೆಂಬುದು ರೂಢಿ: 40 ನಾಟ್‌ಗೆ (ಗಂಟೆಗೆ ಸುಮಾರು 74 ಕಿ.ಮೀ.) ಸ್ಟಾಲ್ ಆದರೆ 52 ನಾಟ್. ಆ 40 ಮಾತ್ರ ಕಿಟ್‌ನ ಕೈಪಿಡಿಯಿಂದ ಎತ್ತಿಕೊಂಡ ಅಂಕಿ ಆಗಿರಬಾರದು. ತೂಕ ಬದಲಾದರೂ, ವೇಗ ಅಳೆಯುವ ಪಿಟೋ ಕೊಳವೆ ಕೂರಿಸಿದ ಜಾಗ ಬದಲಾದರೂ ಮಾಪಕ ತೋರಿಸುವ ಆ ಅಂಕಿ ಬದಲಾಗುತ್ತದೆ. ಸಾಕಷ್ಟು ಎತ್ತರದಲ್ಲಿ, ಅದೇ ವಿಮಾನದಲ್ಲಿ ಪರೀಕ್ಷಿಸಿ ಬರೆದಿಟ್ಟುಕೊಳ್ಳಬೇಕು.

ನಿಜವಾದ ಅಪಾಯ ಮೊದಲ ಪುಟಿತದ ನಂತರ. ವಿಮಾನ ಮೇಲೆದ್ದಾಗ ಗಾಬರಿಯ ಕೈ ಸ್ಟಿಕ್ಕನ್ನು (ಮೂಗನ್ನು ಏರಿಸಿ ಇಳಿಸುವ ಹಿಡಿಯನ್ನು) ಮುಂದಕ್ಕೆ ತಳ್ಳುತ್ತದೆ. ಮೂಗು ತಗ್ಗಿ ಮುಂಚಕ್ರವೇ ಮೊದಲು ಬಡಿಯುತ್ತದೆ, ಮೂಗು ಮತ್ತೆ ಚಿಮ್ಮುತ್ತದೆ, ಕೈ ಮತ್ತೆ ತಳ್ಳುತ್ತದೆ. ಎರಡು ಮೂರು ಸುತ್ತಿನಲ್ಲಿ ಮುಂಗಾಲು ಹಿಂದಕ್ಕೆ ಮಡಚಿ, ಪ್ರೊಪೆಲರ್ ನೆಲ ಕೆರೆದು, ವಿಮಾನ ಬೋರಲಾಗುತ್ತದೆ. ಸಣ್ಣ ಪುಟಿತವಾದರೆ ಮೂಗನ್ನು ಇಳಿಯುವ ಭಂಗಿಯಲ್ಲೇ ಹಿಡಿದು ತುಸು ಪವರ್ ಕೊಟ್ಟರೆ ಸಾಕು. ಜೋರಾಗಿ ಎದ್ದರೆ ಪೂರ್ತಿ ಥ್ರಾಟಲ್ ಕೊಟ್ಟು, ಮೂಗನ್ನು ಅತಿಯಾಗಿ ಎತ್ತದೆ ವೇಗ ಕೂಡಿಸಿಕೊಂಡು, ಇನ್ನೊಂದು ಸುತ್ತು ಹಾಕಿ ಬರಬೇಕು. ಇದರಲ್ಲಿ ಅವಮಾನವೇನೂ ಇಲ್ಲ.

ಮೆತ್ತನೆಯ ಸ್ಪಂಜಿನ ಸೀಟನ್ನೂ ನಂಬಬೇಡಿ. ಹೊಡೆತಕ್ಕೆ ಅದು ಪೂರ್ತಿ ಅಮುಕಿಕೊಂಡು, ಬೆನ್ನುಮೂಳೆಗೆ ಬೀಳುವ ಪೆಟ್ಟನ್ನು ಹೆಚ್ಚಿಸಬಲ್ಲದು. ನಿಧಾನವಾಗಿ ಅಮುಕುವ, ಶಕ್ತಿ ಹೀರುವ ಫೋಮ್ ಬೇಕು.

ಜೋರಾಗಿ ಬಿದ್ದ ವಿಮಾನ ಹೊರಗಿನಿಂದ ಸರಿಯಾಗಿ ಕಂಡರೂ ಕೌಲಿಂಗ್ (ಎಂಜಿನ್ನಿನ ಹೊರ ಕವಚ) ಬಿಚ್ಚದೆ ಮತ್ತೆ ಹಾರಿಸಬಾರದು. ಎಂಜಿನ್ ಮೌಂಟಿನ (ಎಂಜಿನ್ ಹೊರುವ ಚೌಕಟ್ಟಿನ) ಬೆಸುಗೆಯ ಪಕ್ಕ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಬಣ್ಣ ತೆಗೆದು ಬಿರುಕು ತೋರಿಸುವ ಬಣ್ಣದ ದ್ರವ, ಡೈ ಪೆನೆಟ್ರಂಟ್ ಹಾಕಿ ನೋಡಿ. ಫೈರ್‌ವಾಲಿನಲ್ಲಿ (ಎಂಜಿನ್ನಿಗೂ ಪೈಲಟ್ ಕೂರುವ ಜಾಗಕ್ಕೂ ನಡುವಿನ ಗೋಡೆಯಲ್ಲಿ) ಸುಕ್ಕು, ಗೇರ್ ಬೋಲ್ಟ್ ಕೂರುವ ತೂತು ಉದ್ದುದ್ದವಾಗಿರುವುದು, ರಿವೆಟ್ ಸುತ್ತ ಕಪ್ಪು ಪುಡಿ, ಇವೆಲ್ಲ ಪೆಟ್ಟು ಒಳಗೆ ಹೋಗಿರುವುದರ ಗುರುತು. ಫೈಬರ್ ಕವಚವಾದರೆ ನಾಣ್ಯದಿಂದ ತಟ್ಟುತ್ತಾ ಹೋಗಿ: ಟಣ್ ಎನ್ನುವುದು ಒಂದೆಡೆ ಮಂಕಾದರೆ, ಒಳಪದರ ಬಿಟ್ಟುಕೊಂಡಿರುವ ಅನುಮಾನ ಅಲ್ಲೇ. ಪ್ರೊಪೆಲರ್ ನೆಲಕ್ಕೆ ತಾಗಿದ್ದರೆ ಅದನ್ನು ಬದಲಿಸಿದರಷ್ಟೇ ಸಾಲದು, ಎಂಜಿನ್‌ನ ಒಳಗನ್ನೂ ತಯಾರಕರು ಹೇಳಿದಂತೆ ತಪಾಸಣೆ ಮಾಡಿಸಬೇಕು.

– ಓರ್ವ ಓದುಗ