ಸಸಿ ನೆಟ್ಟ ಲೆಕ್ಕ ಸಾಕು, ನಿಂತಿರೋ ಮರದ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಪ್ರತಿ ಮಳೆಗಾಲದಲ್ಲೂ ಇಷ್ಟು ಸಾವಿರ ಸಸಿ ನೆಟ್ವಿ ಅನ್ನೋ ಸುದ್ದಿ ಬರತ್ತೆ, ಜೊತೆಗೆ ಫೋಟೋನೂ ಬರತ್ತೆ, ಸಂತೋಷ. ಆದ್ರೆ ಸಣ್ಣ ಊರುಗಳಲ್ಲಿ ರಸ್ತೆ ಬದಿ, ಪಾರ್ಕು, ಶಾಲೆ ಮೈದಾನದಲ್ಲಿ ಆಗ್ಲೇ ನಿಂತಿರೋ ಮರಗಳು ಎಷ್ಟು, ಯಾವ ಜಾತಿ, ಯಾವುದರ ಬುಡ ಕೊಳೀತಿದೆ, ಯಾವುದು ಯಾವ ತಿಂಗಳು ಹೂ ಬಿಡತ್ತೆ ಅಂತ ಯಾರಾದ್ರೂ ಬರೆದಿಟ್ಟಿದಾರಾ? ಬರೆದಿಟ್ಟಿಲ್ಲ ಅಂದ್ಮೇಲೆ ಮರದ ಬಗ್ಗೆ ತೀರ್ಮಾನ ತಗೊಳ್ಳೋರು ಯಾರು ಅಂದ್ರೆ ಆವತ್ತು ಏಣಿ ಹತ್ತಿ ಗರಗಸ ಹಿಡಿದವ್ರು, ಅಷ್ಟೇ. ಅವರ ತಪ್ಪು ಅಂತ ನಾನು ಹೇಳ್ತಿಲ್ಲ, ಅವ್ರಿಗೆ ಹೇಳಿರೋದು "ವೈರಿಗೆ ತಾಗೋದನ್ನ ಕಡೀರಿ" ಅಂತ ಮಾತ್ರ.

ಈ ಕಡಿಯೋ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಹೆಚ್ಚು ಹಾಳಾಗೋದು ಇಲ್ಲೇ. ಟ್ರಿಮ್ಮಿಂಗ್ ಅಂತ ಹೆಸರಿಟ್ಟು ಮರದ ತಲೆನೇ ಹಾರಿಸಿಬಿಡ್ತಾರೆ, ಬರೀ ಬೋಳು ಕಾಂಡ ಉಳಿಯತ್ತೆ. ನೋಡೋರಿಗೆ ಅಬ್ಬಾ ಇನ್ನು ಬೀಳಲ್ಲ ಅನ್ನಿಸತ್ತೆ, ಆಗೋದು ಉಲ್ಟಾ. ಕಡಿದ ಜಾಗದ ಸುತ್ತ ಒಟ್ಟೊಟ್ಟಿಗೆ ಹತ್ತಾರು ಚಿಗುರು ನೆಟ್ಟಗೆ ಎದ್ದು ಬರತ್ತೆ, ಅವು ತೊಗಟೆ ಕೆಳಗಿನ ಮೇಲ್ಪದರಕ್ಕೆ ಅಂಟಿಕೊಂಡಿರ್ತವೆ ಹೊರತು ಒಳಗಿನ ಗಟ್ಟಿ ಮರಕ್ಕೆ ಬೆಸೆದಿರಲ್ಲ, ಕೆಲವೇ ವರ್ಷಕ್ಕೆ ಮತ್ತೆ ಅದೇ ವೈರಿನ ಎತ್ತರಕ್ಕೆ ಬಂದು ಗಾಳಿ ಬಂದಾಗ ಮೊದ್ಲು ಮುರಿದು ಬೀಳೋದೂ ಅವೇ. ಅಷ್ಟೊತ್ತಿಗೆ ಕಡಿದ ದೊಡ್ಡ ಗಾಯದಿಂದ ಕೊಳೆತ ಕೂಡ ಒಳಗೆ ಇಳಿದಿರತ್ತೆ. ಅಮೆರಿಕದಲ್ಲಿ ಅಲೆಕ್ಸ್ ಶೈಗೋ ಅಂತ ಒಬ್ಬ ವಿಜ್ಞಾನಿ ಇದ್ರು, ಅಲ್ಲಿನ ಅರಣ್ಯ ಸೇವೆಯಲ್ಲಿ ಇದ್ದವ್ರು, ಮರಗಳನ್ನ ಉದ್ದುದ್ದಕ್ಕೆ ಸೀಳಿ ಸೀಳಿ ನೋಡಿ 1977ರಲ್ಲಿ ಒಂದು ಪುಸ್ತಿಕೆ ತಂದ್ರು. ಅದರ ಸಾರ ಇಷ್ಟೇ: ಮರದ ಗಾಯ ನಮ್ಮ ಗಾಯದ ಥರ ವಾಸಿ ಆಗಲ್ಲ, ಮರ ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ ಅದನ್ನ ಅಲ್ಲೇ ಬಂದ್ ಮಾಡಿ ಮುಂದೆ ಬೆಳೆಯತ್ತೆ. ಹಾಗಾಗಿ ಎಲ್ಲಿ ಕಡೀತೀರಿ ಅನ್ನೋದು ಮುಖ್ಯ. ಕೊಂಬೆ ಕಾಂಡಕ್ಕೆ ಸೇರೋ ಕಡೆ ಒಂದು ಉಬ್ಬು ಇರತ್ತಲ್ಲ, ಆ ಉಬ್ಬು ಉಳಿಸಿ ಅದರ ಹೊರಗಡೆ ಕಡಿದ್ರೆ ಮರ ತಾನೇ ಮುಚ್ಚಿಕೊಳ್ಳತ್ತೆ. ದಪ್ಪ ಕೊಂಬೆ ಆದ್ರೆ ಮೊದ್ಲು ಸ್ವಲ್ಪ ಆಚೆ ಕೆಳಗಿನಿಂದ ಅರ್ಧಂಬರ್ಧ ಕೊಯ್ದು, ಅದಕ್ಕಿಂತ ಇನ್ನೊಂಚೂರು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಆಮೇಲೆ ಉಳಿದ ಮೋಟು ತೆಗೀಬೇಕು, ಇಲ್ಲಾಂದ್ರೆ ಕೊಂಬೆ ಬೀಳೋವಾಗ ತೊಗಟೆನೂ ಸಿಬಿರಿಕೊಂಡು ಹೋಗತ್ತೆ. ಗಾಯಕ್ಕೆ ಪೇಂಟ್ ಬಳಿಯೋದು, ಪೊಟರೆಗೆ ಸಿಮೆಂಟ್ ತುಂಬೋದು ಎರಡೂ ಹಳೇ ನಂಬಿಕೆ, ಬಿಟ್ಟುಬಿಡಬೇಕು.

ಪೊಟರೆ ಅಂದಾಗ ನೆನಪಾಯ್ತು, ತುಡುವೆ ಜೇನು ಗೂಡು ಕಟ್ಟೋದು, ಮುಜಂಟಿ (ಚುಚ್ಚದ ಪುಟ್ಟ ಜೇನು) ಇರೋದು ಇಂಥ ಪೊಟರೆಗಳಲ್ಲೇ, ದೊಡ್ಡ ಕಪ್ಪು ದುಂಬಿಗಳು ಕೊರೆದು ಮೊಟ್ಟೆ ಇಡೋದು ಒಣಗಿದ ಕೊಂಬೆಯಲ್ಲಿ. ಜನ ಓಡಾಡೋ ಜಾಗದಲ್ಲಿ ಒಣಮರ ಇರಬಾರದು, ಸರಿ, ಆದ್ರೆ ಪಾರ್ಕಿನ ಮೂಲೆಯಲ್ಲಿ ಇರೋದನ್ನ ಬುಡಸಮೇತ ಕಿತ್ತು ಹಾಕೋ ಬದ್ಲು ಆಳೆತ್ತರದ ಮೋಟು ಬಿಟ್ರೆ ಯಾರ ತಲೆ ಮೇಲೂ ಬೀಳಲ್ಲ.

ಈ ಜೇನು-ದುಂಬಿಗಳು ಮಾಡೋ ಪರಾಗಸ್ಪರ್ಶ ಅಂದ ತಕ್ಷಣ ಎಲ್ಲರೂ ಜೇನು ಪೆಟ್ಟಿಗೆ ಇಡೋಣ ಅಂತ ಹೊರಡ್ತಾರೆ. ಪ್ರಪಂಚದಲ್ಲಿ 20 ಸಾವಿರಕ್ಕೂ ಹೆಚ್ಚು ಜಾತಿ ಜೇನು-ದುಂಬಿಗಳಿವೆ, ಅದರಲ್ಲಿ ನಮಗೆ ತುಪ್ಪ ಕೊಡೋವು ಬೆರಳೆಣಿಕೆ, ಮಿಕ್ಕಿದ್ದರಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕೋವು, ಮಣ್ಣಲ್ಲಿ ಬಿಲ ತೋಡಿ ಮರಿ ಮಾಡೋವು. ಫುಟ್‌ಪಾತ್ ಕೆಲಸದಲ್ಲಿ ಕಾಂಡದ ತನಕ ಕಾಂಕ್ರೀಟ್ ಸುರಿದಾಗ ಬೇರಿಗೆ ನೀರು-ಗಾಳಿ ಹೋಗೋದೂ ನಿಲ್ಲತ್ತೆ, ಇವುಗಳ ಮನೆನೂ ಮುಚ್ಚಿಹೋಗತ್ತೆ, ಒಂದೇ ಏಟಿಗೆ ಎರಡು. ಬುಡದ ಸುತ್ತ ನಾಲ್ಕೈದು ಅಡಿ ಮಣ್ಣು ಖಾಲಿ ಬಿಡಿ ಅಂದ್ರೆ ಕಸ ಹಾಕ್ತಾರೆ ಸಾರ್ ಅಂತಾರೆ. ಕಸ ಗುಡಿಸಬಹುದು, ಕಾಂಕ್ರೀಟ್ ಗುಡಿಸಕ್ಕಾಗಲ್ಲ.

ಇನ್ನು ಹೂವಿನ ವಿಷಯ. ಹೊಂಗೆ, ಬೇವು, ನೇರಳೆ ಇವೆಲ್ಲ ಬೇಸಿಗೆಯಲ್ಲಿ ಹೂ ಬಿಡ್ತವೆ, ಮಳೆ ಶುರುವಾಗೋ ಮುಂಚೆ ಕೊಂಬೆ ಕಡೀಬೇಕು ಅಂತ ಗಾಡಿ ಹೊರಡೋದೂ ಬೇಸಿಗೆಯಲ್ಲೇ! ಒಂದು ದೊಡ್ಡ ಹೊಂಗೆ ಮರ ಹೂ ಬಿಟ್ಟಾಗ ಕೆಳಗೆ ನಿಂತು ಕೇಳಿ, ಮರವೇ ಗುಂಯ್ ಅಂತಿರತ್ತೆ. ಅಷ್ಟೇ ಜಾಗದಲ್ಲಿ ಹೂಗಿಡ ಮಾಡ್ತೀನಿ ಅಂದ್ರೆ ಅದರ ಒಂದು ಪಾಲು ಹೂವೂ ಸಿಗಲ್ಲ. ಒಂಟಿ ದುಂಬಿಗಳು ದೊಡ್ಡವಾಗಿ ಹಾರಾಡೋದು ಎಷ್ಟೋ ಜಾತಿಗಳಲ್ಲಿ ಕೆಲವೇ ವಾರ, ಸಣ್ಣವು ಗೂಡಿಂದ ಕೆಲವು ನೂರು ಮೀಟರ್ ದೂರ ಹೋದ್ರೆ ಹೆಚ್ಚು, ಆ ವಾರಗಳಲ್ಲಿ ಆ ರಸ್ತೆಯಲ್ಲಿ ಹೂ ಇಲ್ಲ ಅಂದ್ರೆ ಆ ವರ್ಷ ಮರಿ ಇಲ್ಲ. ಅಪಾಯದ ಕೊಂಬೆ ಯಾವಾಗ ಬೇಕಾದ್ರೂ ತೆಗೀರಿ, ಮಿಕ್ಕ ಕೆಲಸ ಹೂ ಉದುರಿದ ಮೇಲೆ, ಅದೂ ಒಂದೇ ಸಲ ಇಡೀ ರಸ್ತೆ ಬೋಳು ಮಾಡದೆ ಒಂದು ವರ್ಷ ಈ ಕಡೆ, ಇನ್ನೊಂದು ವರ್ಷ ಆ ಕಡೆ ಮಾಡಿದ್ರೆ ಯಾರಿಗೇನು ನಷ್ಟ?

ಔಷಧಿ ಹೊಡೆಯೋ ಬಗ್ಗೆ ಒಂದು ಘಟನೆ ಹೇಳಲೇಬೇಕು. 2013ರ ಜೂನ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ವಿಲ್ಸನ್‌ವಿಲ್ ಅನ್ನೋ ಸಣ್ಣ ಊರಲ್ಲಿ ಪಾರ್ಕಿಂಗ್ ಜಾಗದ ಲಿಂಡನ್ ಮರಗಳಿಗೆ ಗಿಡಹೇನು ಹಿಡಿದಿದೆ, ಅದರಿಂದ ಕಾರುಗಳ ಮೇಲೆ ಅಂಟು ಬೀಳತ್ತೆ ಅಂತ ಡೈನೋಟೆಫ್ಯುರಾನ್ ಅನ್ನೋ ಕೀಟನಾಶಕ ಹೊಡೆದ್ರು, ಮರ ಪೂರ್ತಿ ಹೂ ಬಿಟ್ಟಿದ್ದಾಗ. ಸುಮಾರು 50 ಸಾವಿರ ಬಂಬಲ್‌ಬೀ ಅನ್ನೋ ದುಂಬಿಗಳು ಸತ್ತು ನೆಲಕ್ಕೆ ಬಿದ್ವು. ಕೊನೆಗೆ ಇನ್ನಷ್ಟು ಸಾಯಬಾರದು ಅಂತ ಮರಗಳಿಗೆ ಬಲೆ ಸುತ್ತಬೇಕಾಯ್ತು. ಆಮೇಲೆ ಆ ರಾಜ್ಯ ಲಿಂಡನ್ ಮರಕ್ಕೆ ಈ ಔಷಧಿ ಮತ್ತು ಇದೇ ಗುಂಪಿನ ಇನ್ನು ಕೆಲವನ್ನ ಹೊಡೆಯೋದನ್ನೇ ನಿಷೇಧಿಸ್ತು. ಎಲ್ಲಾ ಆಗಿದ್ದು ಕಾರಿನ ಮೇಲಿನ ಅಂಟಿಗೆ, ನೀರಲ್ಲಿ ತೊಳೆದ್ರೆ ಹೋಗೋದಕ್ಕೆ.

ಏನು ನೆಡಬೇಕು ಅನ್ನೋದಕ್ಕೂ ಪಟ್ಟಿ ಬೇಕೇ ಬೇಕು. ಅಮೆರಿಕದ ಎಷ್ಟೋ ಊರುಗಳಲ್ಲಿ ಸಾಲಾಗಿ ಎಲ್ಮ್ ಮರಗಳಿದ್ವು, ಒಂದು ಶಿಲೀಂಧ್ರ ರೋಗ ಬಂದು ಹೋದ್ವು, ಅದರ ಜಾಗಕ್ಕೆ ಸಾಲಾಗಿ ಆಶ್ ಮರ ನೆಟ್ರು, 2002ರಲ್ಲಿ ಮಿಶಿಗನ್‌ನಲ್ಲಿ ಒಂದು ಹಸಿರು ಜೀರುಂಡೆ ಪತ್ತೆ ಆಯ್ತು, ಆಮೇಲೆ ಅವೂ ಹೋದ್ವು. 1990ರಲ್ಲೇ ಫ್ರಾಂಕ್ ಸ್ಯಾಂಟಮೋರ್ ಅನ್ನೋ ಅಲ್ಲಿನ ಮರ ವಿಜ್ಞಾನಿ ಒಂದು ಲೆಕ್ಕ ಕೊಟ್ಟಿದ್ರು, ಊರಿನ ಮರಗಳಲ್ಲಿ ಒಂದೇ ಜಾತಿ ಶೇ 10ಕ್ಕಿಂತ, ಒಂದೇ ಕುಲ (ಹತ್ತಿರದ ಜಾತಿಗಳ ಗುಂಪು) ಶೇ 20ಕ್ಕಿಂತ, ಒಂದೇ ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ 30ಕ್ಕಿಂತ ಜಾಸ್ತಿ ಇರಬಾರದು ಅಂತ. ಚೆಂದ ಕಾಣೋ ಹೂವೆಲ್ಲ ಒಳ್ಳೇದೂ ಅಲ್ಲ, ಕೆಂಪು ಹೂವಿನ ನೀರುಕಾಯಿ ಮರದ ಹೂವಲ್ಲಿ ಮುಜಂಟಿ ಜಾತಿಯ ಜೇನುಗಳು ಸತ್ತು ಬಿದ್ದಿರೋದು ಬ್ರೆಜಿಲ್‌ನಲ್ಲಿ ಕಂಡು, ಸಾಂತಾ ಕತರಿನಾ ರಾಜ್ಯ 2019ರಲ್ಲಿ ಅದನ್ನ ನೆಡೋದನ್ನೇ ಬ್ಯಾನ್ ಮಾಡಿದೆ. ನಮ್ಮ ಕಡೆ ಇನ್ನೂ ಅದನ್ನ ಅಲಂಕಾರಕ್ಕೆ ಇಟ್ಕೊಂಡಿದೀವಿ.

ನಾನು ಕೇಳೋದು ದೊಡ್ಡ ಯೋಜನೆ ಅಲ್ಲ. ವಾರ್ಡ್ ಪ್ರಕಾರ ಮರಗಳ ಪಟ್ಟಿ ಮಾಡಿ, ಕಾಲೇಜಿನ ಸಸ್ಯಶಾಸ್ತ್ರದ ಮಕ್ಕಳಿಗೆ ಕೊಟ್ರೆ ಖುಷಿಯಿಂದ ಮಾಡ್ತಾರೆ. ಜಾತಿ, ಸುತ್ತಳತೆ, ಸ್ಥಿತಿ ಇದರ ಜೊತೆ ಹೂ ಬಿಡೋ ತಿಂಗಳು ಅಂತ ಇನ್ನೊಂದು ಕಾಲಂ ಇರಲಿ, ಯಾವ ತಿಂಗಳು ಖಾಲಿ ಇದೆಯೋ ಆ ತಿಂಗಳು ಹೂ ಬಿಡೋ ಮರ ಮುಂದಿನ ಸಲ ನೆಡಲಿ. ಕೊಂಬೆ ಕಡಿಯೋ ಟೆಂಡರ್‌ನಲ್ಲಿ ಎರಡು ಷರತ್ತು ಸೇರಿಸಲಿ: ಅಪಾಯ ಇಲ್ಲದಿದ್ರೆ ಹೂ ಇರೋ ಮರ ಮುಟ್ಟಬಾರದು, ತಲೆ ಹಾರಿಸಿದ್ರೆ ಬಿಲ್ ಪಾಸ್ ಆಗಬಾರದು.

ಇತಿ,
ನಿಮ್ಮ ಪತ್ರಿಕೆಯ ಓದುಗ