ರಾಜ್ಯೋತ್ಸವದ ದಿನವೇ ಅರ್ಜಿಯ ಗಡುವು

ಅಟ್ಲಾಂಟಾದ ನಮ್ಮ ಕನ್ನಡ ಕೂಟದಲ್ಲಿ ಈ ಸಲ ರಾಜ್ಯೋತ್ಸವದ ಕೋಲಾಟಕ್ಕೆ ಜೋಡಿ ಸಾಲುತ್ತಿಲ್ಲ. ಹನ್ನೆರಡನೇ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಪ್ರಾಕ್ಟೀಸ್ ಬಿಟ್ಟಿದ್ದಾರೆ. ಮನೆಯಲ್ಲಿ ಆ ವಯಸ್ಸಿನವರಿದ್ದರೆ ಕಾರಣ ಹೇಳಬೇಕಾಗಿಲ್ಲ. ನವೆಂಬರ್ ಒಂದು ನಮಗೆ ರಾಜ್ಯೋತ್ಸವ, ಅವರಲ್ಲಿ ಹಲವರಿಗೆ ಅರ್ಲಿ ಡಿಸಿಷನ್, ಅಂದರೆ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿಯ ಕೊನೇ ದಿನ.

ಹೋದ ಭಾನುವಾರ ಕೋಲು ವಾಪಸ್ ಕೊಡಲು ಬಂದ ಹುಡುಗಿಯೊಬ್ಬಳು ಪಾರ್ಕಿಂಗ್ ಲಾಟಿನಲ್ಲೇ ನಿಂತು ಕೇಳಿದಳು: “ಆಂಟಿ, ನಾನು ಪಬ್ಲಿಕ್ ಹೆಲ್ತ್ ಓದ್ಬೇಕು ಅಂತಿದೀನಿ. ಡಾಕ್ಟರ್ ಆಗೋಕೆ ಆಗ್ದೇ ಇರೋರು ಓದೋದು ಅದು ಅಂತಾರೆ ಅಪ್ಪ. ನೀವು ಸ್ವಲ್ಪ ಮಾತಾಡ್ತೀರಾ?”

ಆ ಅಪ್ಪ ಒಬ್ಬರೇ ಅಲ್ಲ, ನಮ್ಮ ಕೂಟದ ಅನೇಕ ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆ. ಹಾಗಾಗಿ ಈ ತಿಂಗಳ ಪುಟವನ್ನು ಅದಕ್ಕೇ ಕೊಡುತ್ತಿದ್ದೇನೆ. ಪಬ್ಲಿಕ್ ಹೆಲ್ತ್ ಎಂದರೆ ಒಬ್ಬೊಬ್ಬ ರೋಗಿಯನ್ನಲ್ಲ, ಇಡೀ ಊರಿನ ಆರೋಗ್ಯವನ್ನು ಕಾಯುವ ವಿದ್ಯೆ. ನಾನು ಕೌಂಟಿಯ (ಇಲ್ಲಿನ ಜಿಲ್ಲೆಯ) ಆರೋಗ್ಯ ಇಲಾಖೆಯಲ್ಲಿ ಲಸಿಕೆಯ ಲೆಕ್ಕ ನೋಡುವವಳು. ಆದರೆ ಈ ಕೆಲಸ ಏನೆಂದು ನನಗೆ ಮೊದಲು ಗೊತ್ತಾದದ್ದು ಅಟ್ಲಾಂಟಾದಲ್ಲಲ್ಲ, ಸಾಗರದ ಹತ್ತಿರದ ನಮ್ಮೂರಿನಲ್ಲಿ.

ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಬೇಸಿಗೆ ಇನ್ನೂ ಪೂರ್ತಿ ಬಲಿತಿರಲಿಲ್ಲ. ತೋಟದ ಕಾಲುವೆ ಪಕ್ಕ ಒಂದು ಮಂಗ ಸತ್ತು ಬಿದ್ದಿತ್ತು. ನಾವು ಮಕ್ಕಳು ನೋಡಲು ಓಡಿದ್ದೇ ತಡ, ಅಪ್ಪಯ್ಯ ಅಲ್ಲಿಂದಲೇ ಕೂಗಿ ನಿಲ್ಲಿಸಿದರು. ಮಲೆನಾಡಿನವರಿಗೆ ಮಂಗ ಸತ್ತಿದೆ ಎಂದರೆ ಎದೆ ಧಸಕ್ಕೆನ್ನುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನಕ್ಕೂ ಜ್ವರ ಹಿಡಿದಾಗ ಮೊದಲು ಪತ್ತೆಯಾದ ಕಾಯಿಲೆ ಅದು. ಊರಲ್ಲಿ ಅದಕ್ಕೆ ಮಂಗನ ಕಾಯಿಲೆ ಎಂದೇ ಹೆಸರು. ಹರಡುವುದು ಉಣುಗಿನಿಂದ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು ನೆಲಕ್ಕಿಳಿಯುತ್ತವೆ. ಆ ಜಾಗದಲ್ಲಿ ಓಡಾಡಿದವರಿಗೆ ಅಪಾಯ.

ಮಾರನೇ ದಿನ ಹೆಲ್ತ್ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಮಂಗ ಬಿದ್ದ ಜಾಗದ ಸುತ್ತ ಐವತ್ತು ಅಡಿ ಪುಡಿ ಎರಚಿಸಿದರು. ಆಮೇಲೆ ಮನೆ ಮನೆಗೆ ಹೋದರು. ಯಾರಿಗೆ ಜ್ವರ, ಎಷ್ಟು ದಿನದಿಂದ, ದರಕು (ಒಣಗಿದ ಎಲೆ) ಗುಡಿಸಲು ಬೆಟ್ಟಕ್ಕೆ ಹೋದವರು ಯಾರು, ಯಾವ ಕಡೆ ಹೋಗಿದ್ದರು ಎಂದೆಲ್ಲ ಕೇಳಿ ಉದ್ದನೆಯ ಪುಸ್ತಕದಲ್ಲಿ ಗೀಟು ಎಳೆದು ಬರೆದುಕೊಂಡರು. “ಇನ್ನೊಂದಿಷ್ಟು ದಿನ ಬೆಟ್ಟಕ್ಕೆ ಹೋಗಬೇಡಿ” ಎಂದಾಗ ನಮ್ಮ ಅಜ್ಜಿಗೆ ಸಿಟ್ಟು ಬಂತು. “ದರಕಿಲ್ದೆ ಕೊಟ್ಟಿಗೇಲಿ ದನ ಬರೀ ನೆಲದ ಮೇಲೆ ಮಲಗ್ಬೇಕಾ? ತೋಟಕ್ಕೆ ಗೊಬ್ಬರ ಎಲ್ಲಿಂದ ತರ್ಲಿ?” ಎಂದು ತಿರುಗಿ ಬಿದ್ದರು. ಇನ್‌ಸ್ಪೆಕ್ಟರು ಗದರಲಿಲ್ಲ. ಜಗಲಿ ಮೇಲೆ ಕೂತು, ಅಜ್ಜಿ ಕೊಟ್ಟ ಕಷಾಯ ಕುಡಿದು, ಬೆಟ್ಟದ ಯಾವ ಮಗ್ಗುಲಿನಿಂದ ದರಕು ತರುತ್ತೀರಿ ಎಂದು ವಿಚಾರಿಸಿದರು. ಮಂಗ ಬಿದ್ದ ದಿಕ್ಕು ಬಿಟ್ಟು ರಸ್ತೆ ಪಕ್ಕದ ದಿಬ್ಬಕ್ಕೆ ಹೋಗಿ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರು ಹೊಯ್ದುಕೊಂಡು ಉಟ್ಟ ಬಟ್ಟೆಯನ್ನು ನೆನೆಹಾಕಿ ಎಂದರು. ಅಜ್ಜಿ ಒಪ್ಪಿದರು. ಅಷ್ಟೇ ಅಲ್ಲ, ಕೇರಿಯ ಹೆಂಗಸರಿಗೆಲ್ಲ ತಾವೇ ಹೇಳಿಕೊಂಡು ಬಂದರು.

ಆ ಬೇಸಿಗೆ ಪಕ್ಕದೂರಿನಲ್ಲಿ ಒಬ್ಬರು ಜ್ವರದಲ್ಲಿ ತೀರಿಕೊಂಡರು. ನಮ್ಮ ಕೇರಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದು ಆ ಇನ್‌ಸ್ಪೆಕ್ಟರಿಗೆ ಯಾರೂ ಶಾಲು ಹೊದಿಸಲಿಲ್ಲ.

ಕ್ಯಾಸನೂರಿನ ವೈರಸ್ಸನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರವನ್ನು ಕಟ್ಟಲು ನೆರವಾದದ್ದು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್. ಇವತ್ತು ನಮ್ಮ ಮಕ್ಕಳು ಹಂಬಲಿಸುವ ಜಾನ್ಸ್ ಹಾಪ್ಕಿನ್ಸ್‌ನ ಪಬ್ಲಿಕ್ ಹೆಲ್ತ್ ಶಾಲೆ 1916ರಲ್ಲಿ ಶುರುವಾದದ್ದೂ ಅದೇ ಫೌಂಡೇಶನ್ನಿನ ಹಣದಿಂದ. ಡಾಕ್ಟರಿಕೆಯಲ್ಲಿ ಉಳಿದದ್ದನ್ನು ಬಳಿದು ಮಾಡಿದ ವಿದ್ಯೆ ಇದಲ್ಲ ಎಂದು ಆ ತಂದೆಗೆ ಹೇಳಬೇಕೆನಿಸಿತು. ಬೆಂಗಳೂರಿನವರು ಇನ್ನೂ ಹತ್ತಿರದ್ದನ್ನು ನೆನೆಸಿಕೊಳ್ಳಬಹುದು. 1898ರ ಪ್ಲೇಗಿನ ನಂತರ ಗಾಳಿ ಬೆಳಕಿಗೆ ಜಾಗ ಬಿಟ್ಟು ಮಲ್ಲೇಶ್ವರ, ಬಸವನಗುಡಿ ಕಟ್ಟಿದರಲ್ಲ, ಆ ಅಗಲವಾದ ಬೀದಿಗಳಲ್ಲಿ ಇದೇ ವಿದ್ಯೆಯಿದೆ.

ಈಗ ಅರ್ಜಿಯ ವಿಷಯ. ಹೆಸರಾಂತ ಕಾಲೇಜುಗಳಲ್ಲಿ ಕೆಲವು ನೂರಕ್ಕೆ ಹತ್ತು ಮಂದಿಗೂ ಸೀಟು ಕೊಡುವುದಿಲ್ಲ, ಆದ್ದರಿಂದ ಹೆಸರು ನೋಡಿ ಪಟ್ಟಿ ಮಾಡಬೇಡಿ. ಹಾಪ್ಕಿನ್ಸ್‌ನಲ್ಲಿ, ಬ್ರೌನ್‌ನಲ್ಲಿ ಪದವಿ ಮಟ್ಟದಲ್ಲೇ ಪಬ್ಲಿಕ್ ಹೆಲ್ತ್ ಮೇಜರ್ (ಮುಖ್ಯ ವಿಷಯ) ಇದೆ. ಹಾರ್ವರ್ಡ್‌ಗೆ ಹೆಸರಾಂತ ಪಬ್ಲಿಕ್ ಹೆಲ್ತ್ ಶಾಲೆ ಇದ್ದರೂ ಅದು ಪದವಿ ಮುಗಿಸಿದವರಿಗೆ. ಕಾಲೇಜಿನಲ್ಲಿ ಆ ಹೆಸರಿನ ಮೇಜರ್ ಇಲ್ಲ. ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯ ಚಾಪೆಲ್ ಹಿಲ್‌ನಲ್ಲಿ ಹೆಚ್ಚಿನ ಮಕ್ಕಳು ಮೊದಲು ಯೂನಿವರ್ಸಿಟಿಗೆ ಸೇರಿ, ಎರಡನೇ ವರ್ಷ ಅಲ್ಲಿನ ಗಿಲ್ಲಿಂಗ್ಸ್ ಪಬ್ಲಿಕ್ ಹೆಲ್ತ್ ಶಾಲೆಗೆ ಮತ್ತೊಂದು ಅರ್ಜಿ ಹಾಕಬೇಕು, ಅಲ್ಲಿಯೂ ಎಲ್ಲರಿಗೂ ಸಿಗುವುದಿಲ್ಲ. ಅರ್ಲಿ ಡಿಸಿಷನ್ ಎಂದರೆ ಸಿಕ್ಕರೆ ಹೋಗಲೇಬೇಕು ಎಂಬ ಒಪ್ಪಂದ. ಆ ಕಾಲೇಜಿನ ವೆಬ್‌ಸೈಟಿನಲ್ಲಿರುವ ನಿಮಗೆ ನಿಜವಾಗಿ ಬೀಳುವ ಖರ್ಚಿನ ಅಂದಾಜು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ಮನೆಯ ಲೆಕ್ಕ ಹಾಕಿ ನೋಡದೆ ಸಹಿ ಮಾಡಬೇಡಿ. ನಮ್ಮ ಜಾರ್ಜಿಯಾದವರು ಅಥೆನ್ಸ್‌ನ ಜಾರ್ಜಿಯಾ ಯೂನಿವರ್ಸಿಟಿಯನ್ನು ಕಡೆಗಣಿಸುವುದು ನನಗೆ ನಿಜಕ್ಕೂ ಬೇಸರ. ಅಲ್ಲಿ 2005ರಿಂದ ಪಬ್ಲಿಕ್ ಹೆಲ್ತ್‌ನದೇ ಕಾಲೇಜಿದೆ, ರಾಜ್ಯದ ಮಕ್ಕಳಿಗೆ ಹೋಪ್, ಜೆಲ್ ಮಿಲ್ಲರ್ ಸ್ಕಾಲರ್‌ಶಿಪ್ ಇದೆ.

ಪ್ರಬಂಧದ ಬಗ್ಗೆ ಒಂದೇ ಮಾತು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಸಿಗುವುದು 650 ಪದ. ಅದಕ್ಕಾಗಿ ಮಗುವನ್ನು ಬೇಸಿಗೆ ರಜೆಯಲ್ಲಿ ಊರಿಗೆ ಕಳಿಸಿ, ಹಳ್ಳಿ ಶಾಲೆಯಲ್ಲಿ ಸೋಪು ಹಂಚಿಸಿ, ಫೋಟೊ ತೆಗೆಸಿ, ಅದಕ್ಕೊಂದು ಸಂಸ್ಥೆಯ ಹೆಸರಿಡುವುದು ಬೇಡ. ಆ ಹಳ್ಳಿಯವರಿಗೂ ಅದು ಮರ್ಯಾದೆಯಲ್ಲ. ಪಾರ್ಕಿಂಗ್ ಲಾಟಿನಲ್ಲಿ ಮಾತಾಡಿಸಿದ ಆ ಹುಡುಗಿ ಕಳೆದ ವರ್ಷ ನಮ್ಮ ಫ್ಲೂ ಶಾಟ್ ಶಿಬಿರದಲ್ಲಿ ಟೇಬಲ್ ನೋಡಿಕೊಂಡಿದ್ದಳು. ಊರಿಂದ ಬಂದ ಅಜ್ಜ ಅಜ್ಜಿಯರು ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಡಿದು, ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಇದು ಬರುತ್ತದೋ ಇಲ್ಲವೋ ತಿಳಿಯದೆ, ಮಗನಿಗೆ ಖರ್ಚಾದೀತು ಎಂದು ಸಾಲಿನಿಂದ ಹೊರಗೆ ಸರಿಯುತ್ತಿದ್ದುದನ್ನು ಅವಳು ಗಮನಿಸಿದಳು. ಮುಂದಿನ ಶಿಬಿರಕ್ಕೆ ದೊಡ್ಡಕ್ಷರದ ಕನ್ನಡದಲ್ಲಿ ಒಂದು ಹಾಳೆ ಮಾಡಿ ತಂದಳು: ಯಾವುದಕ್ಕೆ ದುಡ್ಡಿಲ್ಲ, ಯಾವುದಕ್ಕೆ ಎಷ್ಟು, ಯಾವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಆ ಸಲ ಸಾಲು ಬಿಟ್ಟು ಹೋದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಅರ್ಜಿಯ ಹತ್ತು ಚಟುವಟಿಕೆಗಳಲ್ಲಿ ಇದನ್ನು ಹಾಕಿದೆಯಾ ಎಂದು ಕೇಳಿದರೆ, “ಅದು ನಮ್ಮೋರಿಗೇ ಮಾಡಿದ್ದಲ್ವಾ ಆಂಟಿ” ಎಂದಳು. ಹಾಕು ಮಗಳೇ. ವಿವರಕ್ಕೆ ಸಿಗುವುದು 150 ಅಕ್ಷರ, ಅಷ್ಟರಲ್ಲಿ ಇದು ಚೆನ್ನಾಗಿಯೇ ಹಿಡಿಸುತ್ತದೆ. ಪ್ರಬಂಧವನ್ನೂ ಅದರ ಮೇಲೇ ಬರಿ. ಸಾಲು ಬಿಟ್ಟು ಹೋದ ಆ ಅಜ್ಜಿಯ ಹತ್ತಿರ ನೀನು ಏನು ಕೇಳಿದೆ, ಅವರು ಏನು ಹೇಳಿದರು, ಅದನ್ನು ಹಾಗೇ ಬರಿ.

ಅಪ್ಪ ಅಮ್ಮಂದಿರ ಇನ್ನೊಂದು ಭಯ ಕೆಲಸದ್ದು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಇಲ್ಲೇ ಅಟ್ಲಾಂಟಾದಲ್ಲಿರುವ ಸಿಡಿಸಿಯಲ್ಲಿ, ಅಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿ, 2025ರಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ನಮ್ಮ ಕೂಟದ ಮನೆಗಳಿಗೂ ಅದರ ಬಿಸಿ ತಟ್ಟಿದೆ. ಆದರೆ 1946ರಲ್ಲಿ ಅದು ಅಟ್ಲಾಂಟಾದಲ್ಲೇ ಹುಟ್ಟಿದ್ದು ಈ ದಕ್ಷಿಣದ ರಾಜ್ಯಗಳಲ್ಲಿ ಮಲೇರಿಯಾ ಇತ್ತೆಂದು. ಸೊಳ್ಳೆ, ನೀರು, ಲಸಿಕೆಯ ಕೆಲಸ ಸರ್ಕಾರ ಬದಲಾದರೆ ಮುಗಿಯುವುದಿಲ್ಲ, ಯಾರಾದರೂ ಮಾಡಲೇಬೇಕು. ಅಂಕಿಸಂಖ್ಯೆ ಗಟ್ಟಿಯಾಗಿ ಕಲಿತ ಮಕ್ಕಳಿಗೆ ಕೌಂಟಿ, ಆಸ್ಪತ್ರೆ, ಇನ್ಶೂರೆನ್ಸ್ ಎಲ್ಲ ಕಡೆ ದಾರಿಯಿದೆ. ಮುಂದೆ ಮೆಡಿಕಲ್ ಬೇಕೆನಿಸಿದರೆ ಅದಕ್ಕೆ ಬೇಕಾದ ಕೋರ್ಸುಗಳನ್ನು ಈ ಮೇಜರ್ ಜೊತೆಗೇ ಮುಗಿಸಬಹುದು. ಆ ತಂದೆಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದ್ದೇನೆ. ಯೋಚಿಸುತ್ತೇನೆ ಎಂದಿದ್ದಾರೆ.

ಇನ್ನು ಸೂಚನೆಗಳು, ಜಾಗ ಕಡಿಮೆಯಿದೆ, ದಯವಿಟ್ಟು ಪೂರ್ತಿ ಓದಿ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ ಧ್ವಜಾರೋಹಣ. ಒಂದನೇ ತಾರೀಖು ಮಕ್ಕಳನ್ನು ಎಳೆಯಬಾರದೆಂದೇ ಮುಂದೂಡಿದ್ದೇವೆ. ಊಟಕ್ಕೆ ಬಿಸಿಬೇಳೆ ಬಾತ್, ಮೊಸರನ್ನ, ಹೋಳಿಗೆ. ಹೋಳಿಗೆ ತಟ್ಟಲು ಶುಕ್ರವಾರ ಸಂಜೆ ಕೈಗಳು ಬೇಕು. ಕನ್ನಡ ಕಲಿ ತರಗತಿಗೆ ಥ್ಯಾಂಕ್ಸ್‌ಗಿವಿಂಗ್ ವಾರ ರಜೆ. ಫ್ಲೂ ಶಾಟ್ ಶಿಬಿರ ರಾಜ್ಯೋತ್ಸವದ ಮರುದಿನ ಬೆಳಿಗ್ಗೆ ಅದೇ ಹಾಲ್‌ನಲ್ಲಿ. ಊರಿಂದ ಬಂದ ಹಿರಿಯರನ್ನು ತಪ್ಪದೆ ಕರೆತನ್ನಿ, ಅವರ ಮಾತ್ರೆ ಚೀಟಿಯೂ ಇರಲಿ. ಸದಸ್ಯತ್ವ ನವೀಕರಣ ಬಾಕಿ ಇರುವವರು ಖಜಾಂಚಿಯವರನ್ನು ಕಾಣಿ.

ಮತ್ತೊಂದು ಕೋರಿಕೆ. ಈ ಪತ್ರಿಕೆಯ ಟೈಪಿಂಗ್, ಕರಡು ತಿದ್ದುವುದು, ಪುಟ ಜೋಡಿಸುವುದು ಎಲ್ಲ ಸದ್ಯಕ್ಕೆ ಒಬ್ಬಳ ಕೈಯಲ್ಲಿದೆ. ಆಫೀಸು ಮುಗಿಸಿ ಬಂದು ಮಾಡುವುದು ನನ್ನಿಂದ ಇನ್ನು ಹೆಚ್ಚು ದಿನ ಆಗುವುದಿಲ್ಲ. ಕನ್ನಡ ಟೈಪ್ ಬರುವವರು ತಿಂಗಳಿಗೆ ಒಂದು ಸಂಜೆ ಕೊಟ್ಟರೂ ಯುಗಾದಿ ಸಂಚಿಕೆ ಹೊರಬರುತ್ತದೆ. ಹಾಗೆಯೇ ಜನವರಿ ಮೊದಲ ವಾರದ ಗಡುವಿಗೆ ಪ್ರಬಂಧ ಬರೆಯುತ್ತಿರುವ ಮಕ್ಕಳಿದ್ದಾರೆ. ಅವರ ಕರಡು ಓದಿ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳಬಲ್ಲ ಮೂರು ನಾಲ್ಕು ಜನ ಬೇಕು. ತಿದ್ದಿ ಬರೆದುಕೊಡುವವರು ಬೇಡ, ಓದುವವರು ಬೇಕು. ರಾಜ್ಯೋತ್ಸವದ ದಿನ ಕಾಫಿ ಕೌಂಟರ್ ಪಕ್ಕ ಹೆಸರು ಬರೆಸಲು ಒಂದು ಪುಸ್ತಕ ಇಟ್ಟಿರುತ್ತೇವೆ.