ಕನ್ನಡಕ ಬಿಡುವ ಮುನ್ನ: ಅನಘಾಳಿಗೆ ದೊಡ್ಡಮ್ಮನ ಪತ್ರ

ಶಿವಮೊಗ್ಗ

ಚಿ. ಅನಘಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕನ್ನಡಕವನ್ನೂ ಕಾಂಟ್ಯಾಕ್ಟ್ ಲೆನ್ಸನ್ನೂ ಬಿಟ್ಟುಬಿಡಬೇಕೆಂದಿರುವುದಾಗಿ ಬರೆದಿದ್ದೀಯೆ. ಗಂಡಿನ ಕಡೆಯವರು ನೋಡಲು ಬರುವಷ್ಟರಲ್ಲಿ ಎಲ್ಲ ಮುಗಿದಿರಲಿ ಎಂದು ನಿನ್ನ ಅಮ್ಮನೂ ಫೋನಿನಲ್ಲಿ ಹೇಳಿದಳು. ಕಣ್ಣಿನ ಆಸ್ಪತ್ರೆಯಲ್ಲಿ ನಂಬರ್ ಪರೀಕ್ಷಿಸುವ ಕೆಲಸದಲ್ಲೇ ನೌಕರಿಯ ಬಹುಪಾಲನ್ನು ಕಳೆದ ನಾನು ಈ ಚಿಕಿತ್ಸೆಯನ್ನು ಬೇಡವೆನ್ನುವುದಿಲ್ಲ. ಆದರೆ ನಿನಗೆ ಅದು ಸಲ್ಲುತ್ತದೆಯೇ ಎಂಬುದನ್ನು ನಿರ್ಧರಿಸಬೇಕಾದದ್ದು ನಿನ್ನ ಕಾರ್ನಿಯಾದ ಅಳತೆಯೇ ಹೊರತು ಹೆಣ್ಣು ನೋಡುವ ದಿನವಲ್ಲ.

ಲೇಸರ್ ಕೆಲಸ ಮಾಡುವುದು ಕಣ್ಣಿನ ಕಪ್ಪುಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾದ ಮೇಲೆ. ನಿನ್ನಂತೆ ಮೈನಸ್ ನಂಬರ್ ಇರುವವರಲ್ಲಿ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕಿಂತ ಮುಂಚೆಯೇ ಮೂಡುತ್ತದೆ; ಕಾರ್ನಿಯಾದ ನಡುಭಾಗವನ್ನು ತುಸು ಚಪ್ಪಟೆಯಾಗಿಸಿದರೆ ಆ ಬಿಂಬ ಹಿಂದೆ ಸರಿದು ತಾನಿರಬೇಕಾದ ಜಾಗಕ್ಕೆ ಬರುತ್ತದೆ. ಈ ಚಿಕಿತ್ಸೆಯಲ್ಲಿ ಬಳಸುವ ಎಕ್ಸೈಮರ್ ಎಂಬ ಲೇಸರಿನ ಕಿರಣವು ಅಕ್ಕಪಕ್ಕವನ್ನು ಸುಡದೆ ಅಂಗಾಂಶವನ್ನು ನವಿರಾಗಿ ಕೆತ್ತಬಲ್ಲದೆಂದು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಹಬ್ಬದೂಟದಲ್ಲಿ ಮಿಕ್ಕಿದ್ದ ಟರ್ಕಿ ಕೋಳಿಯ ಮೇಲೆ ಅವರು ಪ್ರಯೋಗ ನಡೆಸಿದ್ದರು. ಈ ಸಂಗತಿಯನ್ನು ನಿನ್ನ ಅಜ್ಜಿಗೆ ಹೇಳಬೇಡ.

ಈಗ ನಿನ್ನ ಲೆಕ್ಕವನ್ನೇ ನೋಡೋಣ. ಕಾರ್ನಿಯಾದ ನಡುಭಾಗದ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು, ಎಂದರೆ 540 ಮೈಕ್ರಾನ್ ಎಂದಿಟ್ಟುಕೊ. ಲಾಸಿಕ್ ವಿಧಾನದಲ್ಲಿ ಮೊದಲು ಸುಮಾರು 110 ಮೈಕ್ರಾನ್ ದಪ್ಪದ ತೆಳುಪದರವನ್ನು ಬಿಡಿಸಿ ಪುಸ್ತಕದ ಹಾಳೆಯ ಹಾಗೆ ಮಗುಚುತ್ತಾರೆ. ಆಮೇಲೆ ಒಂದೊಂದು ನಂಬರಿಗೆ 12ರಿಂದ 15 ಮೈಕ್ರಾನಿನಷ್ಟು ಅಂಗಾಂಶವನ್ನು ಲೇಸರ್ ತೆಗೆಯುತ್ತದೆ. ನಿನ್ನ ಐದೂವರೆ ನಂಬರಿಗೆ 80 ಮೈಕ್ರಾನ್ ಹೋದರೂ ಮಗುಚಿದ ಪದರದ ಕೆಳಗೆ 350 ಉಳಿಯುತ್ತದೆ, ಅದು ನೆಮ್ಮದಿಯ ಅಂಕಿ. ಅದೇ ನಿನ್ನ ಕಾರ್ನಿಯಾ 480 ಮಾತ್ರ ಇದ್ದರೆ ಉಳಿಯುವುದು 290. ಕನಿಷ್ಠ 250 ಉಳಿಯಲೇಬೇಕೆಂಬುದು ಹಳೆಯ ಕಟ್ಟಳೆಯಾದರೂ 300ಕ್ಕಿಂತ ಕಡಿಮೆಯಾದಾಗ ಅನೇಕ ವೈದ್ಯರು ಹಿಂದೆ ಸರಿಯುತ್ತಾರೆ. ಪದರ ಮಗುಚದೆ ಮೇಲ್ಪೊರೆಯನ್ನಷ್ಟೇ ಸರಿಸಿ ಮಾಡುವ ಪಿಆರ್‌ಕೆ ವಿಧಾನವೂ ಇದೆ. ಅದರಲ್ಲಿ ಮೊದಲ ಕೆಲವು ದಿನ ಕಣ್ಣು ಉರಿಯುತ್ತದೆ, ನೋಟ ತಿಳಿಯಾಗಲು ವಾರಗಳು ಹಿಡಿಯುತ್ತವೆ. ಆದರೆ ನೀನು ಇನ್ನೂ ಕಬಡ್ಡಿ ಆಡುವವಳಾದ್ದರಿಂದ, ಏಟು ಬಿದ್ದರೆ ಜಾರಬಹುದಾದ ಪದರವೇ ಇಲ್ಲದ ಆ ವಿಧಾನದ ಬಗ್ಗೆಯೂ ವೈದ್ಯರನ್ನು ಕೇಳು.

ದಪ್ಪಕ್ಕಿಂತಲೂ ನನಗೆ ಚಿಂತೆಯಿರುವುದು ನಿನ್ನ ಒಂದು ಅಭ್ಯಾಸದ ಬಗ್ಗೆ. ಓದುತ್ತಾ ಕೂತಾಗ ಕನ್ನಡಕವನ್ನು ಹಣೆಗೇರಿಸಿ ಅಂಗೈಯ ಬುಡದಿಂದ ಕಣ್ಣನ್ನು ಗಸಗಸನೆ ತಿಕ್ಕಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕೆರಟೋಕೋನಸ್ ಎಂಬ ತೊಂದರೆಗೂ ಹೀಗೆ ತಿಕ್ಕುವುದಕ್ಕೂ ನಂಟಿದೆ, ಮತ್ತು ಅದರ ಸುಳಿವಿರುವ ಕಣ್ಣಿಗೆ ಲಾಸಿಕ್ ಮಾಡಿದರೆ ದೃಷ್ಟಿ ಇನ್ನಷ್ಟು ಕೆಡಬಹುದು. ಕಾರ್ನಿಯಾದ ಬಣ್ಣಬಣ್ಣದ ನಕ್ಷೆ ತೆಗೆಯುವ ಟೊಪೋಗ್ರಫಿ ಪರೀಕ್ಷೆ ಇದನ್ನು ಮೊದಲೇ ಪತ್ತೆಹಚ್ಚುವುದಕ್ಕಾಗಿಯೇ ಇದೆ. ಆ ನಕ್ಷೆ ತಪ್ಪಿಲ್ಲದೆ ಬರಬೇಕಾದರೆ ನೀನು ಈಗ ಹಾಕುವ ಮೆತ್ತನೆಯ ಲೆನ್ಸನ್ನು ಪರೀಕ್ಷೆಗೆ ಒಂದೆರಡು ವಾರ ಮುಂಚೆಯೇ ಬಿಟ್ಟಿರಬೇಕು. ಲೆನ್ಸ್ ಕೂತಷ್ಟು ಕಾಲ ಕಾರ್ನಿಯಾದ ಆಕಾರ ತುಸು ಬದಲಾಗಿರುತ್ತದೆ. ಹಾಗೆಯೇ ಕಳೆದ ಒಂದು ವರ್ಷದಲ್ಲಿ ನಿನ್ನ ನಂಬರ್ 0.5ಕ್ಕಿಂತ ಹೆಚ್ಚು ಬದಲಾಗಿರಕೂಡದು. ಹಳೆಯ ಚೀಟಿಗಳನ್ನು ಹುಡುಕಿ ಜೊತೆಗೆ ಒಯ್ಯು.

ಶಸ್ತ್ರಚಿಕಿತ್ಸೆಯೇನೋ ಕೆಲವೇ ನಿಮಿಷಗಳದು. ಮರಗಟ್ಟುವ ಹನಿ ಹಾಕಿರುವುದರಿಂದ ನೋವಿರುವುದಿಲ್ಲ. ಕಣ್ಣನ್ನು ಒತ್ತಿ ಹಿಡಿದಾಗ ಕೆಲವು ಕ್ಷಣ ನೋಟ ಕತ್ತಲಾಗಬಹುದು, ಕೂದಲು ಸುಟ್ಟಂಥ ವಾಸನೆ ಬರಬಹುದು, ಅದಕ್ಕೆ ಗಾಬರಿಯಾಗಬೇಡ. ಅನಂತರದ ತಿಂಗಳುಗಳಲ್ಲಿ ಕಣ್ಣು ಒಣಗುವುದು ಹೆಚ್ಚಿನವರಿಗೆ ಕಾಣುವ ತೊಂದರೆ, ಇಡೀ ದಿನ ಕಂಪ್ಯೂಟರ್ ಮುಂದಿರುವ ನಿನಗಂತೂ ಅದು ತಿಳಿದೇ ತಿಳಿಯುತ್ತದೆ. ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದೂ ಉಂಟು. ಬಹುಪಾಲು ಮಂದಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ನಲವತ್ತು ದಾಟಿದ ಮೇಲೆ ಚಾಳೀಸು ಬರುವುದನ್ನು ಇದು ತಪ್ಪಿಸುವುದಿಲ್ಲ. ಮೈನಸ್ ನಂಬರಿನ ಕಣ್ಣಿನಲ್ಲಿ ಅಕ್ಷಿಪಟಲ ಸಡಿಲಾಗುವ ಅಪಾಯವೂ ಕನ್ನಡಕದೊಂದಿಗೆ ಹೋಗುವುದಿಲ್ಲ, ಆದಕಾರಣ ಪಾಪೆ ಹಿಗ್ಗಿಸಿ ಮಾಡುವ ಪರೀಕ್ಷೆಯನ್ನು ಮುಂದೆಯೂ ಬಿಡಬೇಡ.

ವೈದ್ಯರು ನಿನ್ನ ಕಣ್ಣಿಗೆ ಇದು ಬೇಡವೆಂದರೆ ಬೇಡವೆಂದೇ ತಿಳಿ. ಸರಿ ಎನ್ನುವವರನ್ನು ಹುಡುಕಿಕೊಂಡು ಇನ್ನೊಂದು ಬಾಗಿಲಿಗೆ ಹೋಗಬೇಡ. ಕಾರ್ನಿಯಾ ತೆಳುವಾಗಿದ್ದವರಿಗೆ ಕಣ್ಣಿನೊಳಗೇ ಲೆನ್ಸ್ ಕೂರಿಸುವ ದಾರಿಯಿದೆ, ಅದಕ್ಕೆ ಅದರದೇ ಆದ ತಪಾಸಣೆ ಇದೆ. ಮಾಡಿಸಿಕೊಂಡೆಯಾದರೆ ಶಸ್ತ್ರಚಿಕಿತ್ಸೆಗೆ ಮುಂಚಿನ ಅಳತೆಗಳ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡು. ವಯಸ್ಸಾದ ಮೇಲೆ ಪೊರೆ ತೆಗೆಸುವಾಗ ಒಳಗೆ ಕೂರಿಸುವ ಲೆನ್ಸಿನ ಲೆಕ್ಕ ಹಾಕುವವರಿಗೆ ಆ ಕಾಗದ ಬೇಕಾಗುತ್ತದೆ.

ಟೊಪೋಗ್ರಫಿಯ ವರದಿ ಕೈಗೆ ಬಂದ ಕೂಡಲೇ ನನಗೂ ಒಂದು ಪ್ರತಿ ಕಳಿಸು. ಗಂಡಿನ ಕಡೆಯವರು ಬರುವ ದಿನದ ವಿಚಾರವಾಗಿ ನಿನ್ನ ಅಮ್ಮನ ಹತ್ತಿರ ನಾನೇ ಮಾತನಾಡುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ